ಎತ್ತಿ ಕುಡಿದ ಔಷಧಿ

ನಮ್ಮ ಮನೆಯಲ್ಲಿ ಚೊಂಬನ್ನು ಕಚ್ಚಿ ನೀರು ಕುಡಿಯುವ ಪದ್ಧತಿಯೇ ಇರಲಿಲ್ಲ. ಚೊಂಬನ್ನು ತುಟಿಯಿಂದ ಒಂದು ಗೇಣು ಮೇಲಕ್ಕೆತ್ತಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ನೀರಿನ ಧಾರೆಯನ್ನು ನೇರ ಗಂಟಲಿಗೆ ಬಿಟ್ಟುಕೊಳ್ಳಬೇಕು. ಮೂಗಿಗೆ ಹೋದರೂ ಸರಿ, ಎದೆ ಮೇಲೆ ಚೆಲ್ಲಿಕೊಂಡರೂ ಸರಿ, ತುಟಿ ಮಾತ್ರ ತಾಗಕೂಡದು. ತಾಗಿದರೆ ಚೊಂಬು ಎಂಜಲು. ಎಂಜಲಾದ ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಬೂದಿ ಹಾಕಿ ಬೆಳಗಿ, ಆಮೇಲೆ ಒಳಕ್ಕೆ ತರಬೇಕು, ಕಚ್ಚಿದವರೇ ಬೆಳಗಬೇಕು. ನಡೆಯಲು ಕಲಿತ ಮೇಲೆ ನಾನು ಕಲಿತ ಮೊದಲನೇ ವಿದ್ಯೆ ಇದೇ ಅಂತ ಅಮ್ಮ ಹೇಳುತ್ತಾಳೆ. ಇವತ್ತಿಗೂ ಬಸ್ಸಿನಲ್ಲಿ ಯಾರಾದರೂ ಬಾಟಲಿಯನ್ನು ಬಾಯಿಗೆ ಕಚ್ಚಿಕೊಂಡು ಗಟಗಟ ಕುಡಿಯುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಉರಿಯಬಾರದು ಅಂತ ಗೊತ್ತು, ಓದಿದವಳು ನಾನು, ಆದರೂ ಉರಿಯುತ್ತದೆ. ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ನನ್ನ ಮೈಗೆ ಹತ್ತಿಸಿ ಹೋದ ನೇಮ ಇದು.

ಪಾಂಡವಪುರದಿಂದ ಕ್ಯಾತನಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ, ಸುತ್ತ ಕಬ್ಬೇ ಕಬ್ಬು ಮುಚ್ಚಿಕೊಂಡ ಪುಟ್ಟ ಊರು ನಮ್ಮದು. ಮನೆ ಉದ್ದಕ್ಕೆ ಇತ್ತು. ಮುಂದೆ ಜಗಲಿ, ಆಮೇಲೆ ಹಜಾರ, ನಡುಮನೆ, ಕೊನೆಗೆ ಅಡುಗೆಮನೆ. ಅಡುಗೆಮನೆಯ ಹಿಂದೆ ಹಿತ್ತಲು, ಹಿತ್ತಲಾಚೆ ಆಲೆಮನೆ. ಅಪ್ಪ ಅಲ್ಲಿ ಪಾಕ ನೋಡುತ್ತಿದ್ದ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲನ್ನು ಯಾವ ಗಳಿಗೆಯಲ್ಲಿ ಇಳಿಸಬೇಕು ಅಂತ ಹೇಳುವವನು ಅವನೇ. ಕಬ್ಬಿನ ಸಿಪ್ಪೆ ಉರಿದ ಹೊಗೆ, ಗಾಳಿ ತಿರುಗಿದಾಗೆಲ್ಲ, ನಮ್ಮ ಹಿತ್ತಲ ಬಾಗಿಲಿಂದ ಒಳಗೆ ನುಗ್ಗಿ ಜಗಲಿ ಬಾಗಿಲಿಂದ ಆಚೆ ಹೋಗುತ್ತಿತ್ತು. ಅದರ ಜೊತೆಗೆ ನಮ್ಮದೇ ಸೌದೆ ಒಲೆಯ ಹೊಗೆ. ಅಡುಗೆಮನೆಯ ತೊಲೆಗಳು ಕಪ್ಪಗೆ ಮಿರಮಿರ ಹೊಳೆಯುತ್ತಿದ್ದವು. ಅಜ್ಜಿ ಮದುವೆಯಾಗಿ ಬಂದ ದಿನದಿಂದ ಆ ಒಲೆಯ ಮುಂದೆ ಕೂತವಳು. ಸಾರು, ಪಲ್ಯ, ರೊಟ್ಟಿ ಎಲ್ಲವನ್ನೂ ಸೊಸೆಗೆ ಬಿಟ್ಟುಕೊಟ್ಟಿದ್ದಳು. ಹಿಟ್ಟು ತಿರುವುವುದನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಮುದ್ದೆಗೆ ನಾವು ಹಿಟ್ಟು ಅನ್ನುತ್ತೇವೆ. ಹಿಟ್ಟಿನ ಕೋಲು ಯಾರ ಕೈಯಲ್ಲಿ ಇರುತ್ತದೋ ಮನೆ ಅವರದು ಅಂತ ಅಜ್ಜಿಯ ಲೆಕ್ಕ, ಮತ್ತು ಆ ಮನೆಯಲ್ಲಿ ಯಾರೂ ಅದನ್ನು ತಪ್ಪು ಅಂದಿರಲಿಲ್ಲ.

ಆ ಮನೆಯಲ್ಲಿ ಉಸಿರಿಗೆ ಕಷ್ಟಪಡುವವರು ಇಬ್ಬರಿದ್ದೆವು, ಅಜ್ಜಿ ಮತ್ತು ನಾನು. ನನಗೆ ಹುಟ್ಟಿದಾಗಿನಿಂದ ಉಬ್ಬಸ. ಅಜ್ಜಿಗೆ ಹೊಗೆ ಕುಡಿದು ಕುಡಿದು ಎದೆಗೂಡು ಸೋತಿತ್ತು. ಮಧ್ಯಾಹ್ನದ ಹೊತ್ತು ನಾವಿಬ್ಬರೂ ನಡುಮನೆಯಲ್ಲಿ ಗೋಡೆಗೊರಗಿ ಕೂತು, ಅವಳ ಎದೆ ಗೊರಗೊರ, ನನ್ನದು ಸುಯ್‌ಸುಯ್, ಯಾರದು ಜೋರು ಅಂತ ಕೇಳಿಸಿಕೊಳ್ಳುತ್ತಿದ್ದೆವು. ಅಜ್ಜಿಗೆ ಇದು ತಮಾಷೆಯಾಗಿತ್ತು. ಅವಳಿಗೆ ತಮಾಷೆಯಾಗದೆ ಇದ್ದದ್ದು ಒಂದೇ, ಬಯ್ಯಲು ಆಗದೆ ಹೋದದ್ದು. ಬಯ್ಯುವುದರಲ್ಲಿ ನಮ್ಮಜ್ಜಿಗೆ ಸುತ್ತಲ ಊರುಗಳಲ್ಲೇ ಹೆಸರಿತ್ತು. ಒಂದು ಮಾತಿನ ಬಾಲ ಹಿಡಿದು ಇನ್ನೊಂದು, ಅದರ ಬಾಲಕ್ಕೆ ಮತ್ತೊಂದು, ಕೇಳುವವರು ತಮ್ಮ ತಪ್ಪನ್ನು ಮರೆತು ಬಾಯಿ ಬಿಟ್ಟುಕೊಂಡು ನಿಲ್ಲಬೇಕು. ಆ ಬಯ್ಗುಳ ಈಗ ತುಂಡುತುಂಡಾಗಿ ಬರುತ್ತಿತ್ತು.

"ಏ ಲಕ್ಸ್ಮಿ, ಉಪ್ಪಿನ ಮಡ್ಕೆ ಮುಚ್ಚಳ..."

ಉಸಿರು.

"...ತೆಗ್ದು ಬುಟ್ಟು..."

ಉಸಿರು.

"...ಯಾವ್ ಅರಮನೆ ಸೊಸೆ ಅಂತ..."

ಲಕ್ಷ್ಮಿ ಅಂದರೆ ನಮ್ಮಮ್ಮ. ಅವಳು ತಲೆತಗ್ಗಿಸಿ ಕಾಯುತ್ತಾ ನಿಂತಿರುತ್ತಿದ್ದಳು. ಅತ್ತೆ ಬಯ್ಯುತ್ತಿರುವಾಗ ಮಧ್ಯದಲ್ಲಿ ಹೊರಟುಹೋದರೆ ಮರ್ಯಾದೆಯಲ್ಲ, ಹಾಗಂತ ಒಲೆಯ ಮೇಲೆ ಸಾರು ಉಕ್ಕುತ್ತಿರುತ್ತಿತ್ತು. ಅಮ್ಮ ಒಂದು ಕಣ್ಣು ಸಾರಿನ ಮೇಲೆ, ಒಂದು ಕಣ್ಣು ಅಜ್ಜಿಯ ಎದೆಯ ಮೇಲೆ ಇಟ್ಟು, ಮುಂದಿನ ಮಾತು ಬರಲಿ ಅಂತ ಕಾಯುವಳು. ಕೆಲವು ಸಲ ಬರುತ್ತಲೇ ಇರಲಿಲ್ಲ. ಅಜ್ಜಿ ಕೈಯಾಡಿಸಿ "ಹೋಗು" ಅಂದುಬಿಡುತ್ತಿದ್ದಳು. ಹಾಗೆ ಅಂದ ದಿನ ಅಮ್ಮ ಹಿತ್ತಲಿಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬಯ್ಸಿಕೊಂಡಿದ್ದಕ್ಕೆ ಅತ್ತಳೋ, ಪೂರ್ತಿ ಬಯ್ಸಿಕೊಳ್ಳದೆ ಇದ್ದದ್ದಕ್ಕೆ ಅತ್ತಳೋ ನನಗೆ ಆಗ ತಿಳಿಯುತ್ತಿರಲಿಲ್ಲ.

ಪಾಂಡವಪುರದ ಆಸ್ಪತ್ರೆಗೆ ಅಪ್ಪ ಇಬ್ಬರನ್ನೂ ಒಟ್ಟಿಗೇ ಕರೆದುಕೊಂಡು ಹೋದ. ಇಬ್ಬರಿಗೂ ಪಂಪು ಬರೆದುಕೊಟ್ಟರು. ಇನ್ಹೇಲರ್ ಅನ್ನುವ ಹೆಸರು ನಮ್ಮ ಬಾಯಿಗೆ ಹತ್ತಲೇ ಇಲ್ಲ, ಅದು ಕೊನೆಯವರೆಗೂ ಪಂಪೇ. ಅದರೊಳಗೆ ಎರಡು ಔಷಧಿ ಸೇರಿರುತ್ತವೆ, ಒಂದು ಉಸಿರಿನ ದಾರಿಯ ಊತ ಇಳಿಸುತ್ತದೆ, ಇನ್ನೊಂದು ಆ ದಾರಿಯನ್ನು ಅಗಲ ಮಾಡುತ್ತದೆ, ದಮ್ಮು ಬಂದರೂ ಬಾರದಿದ್ದರೂ ಬೆಳಿಗ್ಗೆ ಸಂಜೆ ತಪ್ಪಿಸಬಾರದು ಅಂದರು. ಅಜ್ಜಿಯದು ದೊಡ್ಡವರ ಅಳತೆಯದು, ನನ್ನದು ಮಕ್ಕಳದು. ಹೇಗೆ ತೆಗೆದುಕೊಳ್ಳಬೇಕು ಅಂತ ಒಬ್ಬ ಹುಡುಗಿ ಖಾಲಿ ಪಂಪಿನಲ್ಲಿ ತೋರಿಸಿದಳಂತೆ. ಆ ಹೊತ್ತಿಗೆ ಅಜ್ಜಿ ಕೆಮ್ಮುತ್ತಾ ಆಚೆ ಬೇವಿನ ಮರದ ಕೆಳಗೆ ಕೂತಿದ್ದಳು, ನಾನು ಅವಳ ಬೆನ್ನು ನೀವುತ್ತಿದ್ದೆ. ನೋಡಿದವನು ಅಪ್ಪ ಒಬ್ಬನೇ. ಪಾಕ ಬಿಟ್ಟು ಬಂದಿದ್ದ ಅಪ್ಪನ ತಲೆಯೆಲ್ಲ ಕೊಪ್ಪರಿಗೆಯಲ್ಲಿತ್ತು. ಮನೆಗೆ ಬಂದು ಪಂಪುಗಳನ್ನು ಅಜ್ಜಿಯ ಕೈಗಿತ್ತ.

"ಬಾಯೊಳಕ್ಕೆ ಹೊಡ್ಕೋಬೇಕಂತೆ ಕಣವ್ವ. ಬೆಳಿಗ್ಗೆ ಒಂದಪ, ಬೈಗೊಂದಪ."

ಅಷ್ಟು ಹೇಳಿ ಆಲೆಮನೆಗೆ ಹೋದ. ಮರುದಿನ ಬೆಳಿಗ್ಗೆ ಅಜ್ಜಿ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಪೂರ್ವಕ್ಕೆ ಮುಖ ಮಾಡಿ ಹಿತ್ತಲ ಕಲ್ಲಿನ ಮೇಲೆ ಕೂತಳು. ಪಂಪನ್ನು ತುಟಿಯಿಂದ ಒಂದು ಗೇಣು ಮೇಲಕ್ಕೆತ್ತಿದಳು. ತಲೆ ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು, ಒತ್ತಿ, ಬಿದ್ದದ್ದನ್ನು ಗುಟುಕ್ ಅಂತ ನುಂಗಿದಳು. ಚೊಂಬಿನ ನೀರು ಕುಡಿದ ಹಾಗೆಯೇ. ಪಂಪಿನ ಬಾಯಿಗೆ ಅವಳ ತುಟಿ ಸೋಕಲಿಲ್ಲ. ಆಮೇಲೆ ನನಗೂ ಹೇಳಿಕೊಟ್ಟಳು.

"ಕಚ್ಚೀಯ ಕಣಮ್ಮಿ, ಎಂಜ್ಲು ಮಾಡ್ಬುಟ್ಟು ದೇವ್ರ ಗೂಡ್ನ ತಾವ ಮಡಗಾಕಾಯ್ತದಾ? ಎತ್ಕೊಂಡು ಕುಡಿ."

ನಾನೂ ಎತ್ತಿಕೊಂಡು ಕುಡಿದೆ. ಬಿಳಿ ಹೊಗೆಯಂಥದ್ದು ಗಾಳಿಯಲ್ಲಿ ಒಂದಿಷ್ಟು ಹೋಯಿತು, ನಾಲಿಗೆಗೆ ಒಂದಿಷ್ಟು ಬಿತ್ತು, ಸಣ್ಣಗೆ ಕಹಿಯಾಯಿತು. ಕಹಿಯಾಯಿತಲ್ಲ, ಔಷಧಿ ಒಳಗೆ ಹೋಯಿತು ಅಂತಲೇ ಇಬ್ಬರೂ ನಂಬಿದೆವು. ಅಮ್ಮ ನೋಡಿದಳು, ಅವಳಿಗೂ ಸರಿಯಾಗಿಯೇ ಕಂಡಿತು. ನಮ್ಮ ಮನೆಯಲ್ಲಿ ಬಾಯಿಗೆ ಹೋಗುವ ದ್ರವವೆಲ್ಲ ಹಾಗೇ ಹೋಗುತ್ತಿತ್ತು, ಇದೊಂದು ಬೇರೆ ದಾರಿಯಲ್ಲಿ ಹೋಗಬೇಕು ಅಂತ ಯಾರಿಗೆ ಹೊಳೆಯಬೇಕು? ಔಷಧಿ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ ಅಂತ ಚೀಟಿಯ ಮೇಲೆ ಬರೆದಿದ್ದರು. ಅಪ್ಪ ಅದನ್ನು ಓದಿ ಹೇಳಿದಾಗ ಅಜ್ಜಿ ನಕ್ಕುಬಿಟ್ಟಳು. ಹೊಟ್ಟೆಗೆ ಹೋಗಲಿ ಅಂತ ಕುಡಿದ ಔಷಧಿಯನ್ನು ಯಾವ ದಡ್ಡರಾದರೂ ತೊಳೆದು ಉಗಿಯುತ್ತಾರಾ ಅಂತ. ಸ್ವಲ್ಪ ದಿನಕ್ಕೆ ಅವಳ ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಬಿಳಿ ಬಿಳಿ ಅಗ್ರ ಕಟ್ಟಿತು. ಖಾರದ ಸಾರು ತಾಗಿದರೆ ಕಣ್ಣಲ್ಲಿ ನೀರು. ಉಷ್ಣ ಆಗಿದೆ ಅಂತ ಮಜ್ಜಿಗೆ ಕುಡಿದಳು. ಅದನ್ನೂ ಎತ್ತಿಕೊಂಡೇ ಕುಡಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅಜ್ಜಿ ಇನ್ನೂ ಸೋತಿದ್ದಳು. ನಡುಮನೆಯಿಂದ ಹಿತ್ತಲಿಗೆ ಹೋಗಲು ಎರಡು ಕಡೆ ನಿಲ್ಲಬೇಕಾಗುತ್ತಿತ್ತು. ಹಿಟ್ಟು ತಿರುವಲು ಕೂತರೆ ಅರ್ಧಕ್ಕೇ ಕೋಲು ಬಿಟ್ಟು ಗೋಡೆ ಹಿಡಿಯುತ್ತಿದ್ದಳು. ಅಮ್ಮ ಮುಂದೆ ಬಂದರೆ ಕೈ ಅಡ್ಡ ಹಿಡಿದು, ಕಣ್ಣಲ್ಲೇ ಹೆದರಿಸಿ, ಮತ್ತೆ ತಾನೇ ತಿರುವುತ್ತಿದ್ದಳು. ಗೌರಿ ಹಬ್ಬಕ್ಕೆ ಕೆ.ಆರ್. ಪೇಟೆಯಿಂದ ಅತ್ತೆ ಬಂದಳು. ಜಯಮ್ಮತ್ತೆ, ಅಪ್ಪನ ತಂಗಿ. ಪೇಟೆಯಲ್ಲಿ ಮಾಳಿಗೆ ಮನೆ, ಗ್ಯಾಸ್ ಒಲೆ, ಹೊಗೆಯ ಸುಳಿವಿಲ್ಲ. ತಾಯಿಯನ್ನು ನೋಡಿ ಹಜಾರದಲ್ಲೇ ಕೂತು ಅತ್ತಳು. ಆಮೇಲೆ ಅಣ್ಣನ ಮೇಲೆ ಹರಿಹಾಯ್ದಳು.

"ಇಂಗೆ ಹೊಗೆ ಒಳ್ಗೆ ಮಡೀಕೊಂಡು ಸಾಯಿಸ್ಬುಡು ಅವ್ವನ್ನ. ನಾನ್ ಕರ್ಕೊಂಡೋಯ್ತೀನಿ ಅಣ್ಣಯ್ಯ, ಕಳಿಸ್ಕೊಡು."

ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಔಷಧಿ ಕೊಡಿಸಿದ್ದಾಯಿತು, ಫಲವಿಲ್ಲ. ಆಲೆಮನೆ ಬಿಟ್ಟರೆ ಹೊಟ್ಟೆಗಿಲ್ಲ. ಕೊನೆಗೆ, ದೀಪಾವಳಿ ಕಳೆದ ಮೇಲೆ ಬಂದು ಕರೆದುಕೊಂಡು ಹೋಗು ಅಂದ. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಕೈಯಲ್ಲಿ ಹಿಟ್ಟಿನ ಕೋಲಿತ್ತು.

"ಕೊಟ್ಟ ಮಗ್ಳ ಮನೇಲಿ..."

ಉಸಿರು.

"...ಕೂತ್ಕೊಂಡು ಉಣ್ಣಾಕೆ..."

ಉಸಿರು.

"...ನಾನೇನ್..."

ಅಷ್ಟೇ ಬಂತು. ಬಾಕಿಯದಕ್ಕೆ ಎಲ್ಲರೂ ಕಾದೆವು, ಅತ್ತೆಯೂ ಕಾದಳು. ಬರಲಿಲ್ಲ. ಅಜ್ಜಿ ಒಲೆಯ ಮುಂದೆ ಹೋಗಿ ಕೂತು, ನಮ್ಮ ಕಡೆಗೆ ಬೆನ್ನು ಮಾಡಿದಳು. ನಾನು ಪಕ್ಕ ಹೋಗಿ ಕೂತೆ. ಅಜ್ಜಿಯಿಲ್ಲದ ನಡುಮನೆ ಹೇಗಿರುತ್ತದೆ ಅಂತ ನೆನೆಸಿಕೊಂಡು ಅವಳ ಸೆರಗಿನ ತುದಿ ಹಿಡಿದುಕೊಂಡೆ. ನನ್ನ ಉಬ್ಬಸವನ್ನು ಅರ್ಥ ಮಾಡಿಕೊಂಡಿದ್ದವಳು ಅವಳೊಬ್ಬಳೇ. ಮಿಕ್ಕವರು ಮರುಗುತ್ತಿದ್ದರು, ಅವಳು ಜೊತೆಗೆ ಏದುಸಿರು ಬಿಡುತ್ತಿದ್ದಳು. ಅವತ್ತಿನಿಂದ ದೀಪಾವಳಿ ಹತ್ತಿರ ಬರುವುದೇ ಬೇಡ ಅಂತ ದೇವರಿಗೆ ಕೈ ಮುಗಿಯುತ್ತಿದ್ದೆ.

ಕೆ.ಆರ್. ಪೇಟೆಗೆ ಹೋಗುವ ಮುಂಚೆ ಇನ್ನೊಂದು ಸಲ ಆಸ್ಪತ್ರೆಗೆ ತೋರಿಸಿ, ಔಷಧಿ ತೆಗೆದಿಟ್ಟುಕೊಳ್ಳೋಣ ಅಂತ ಪಕ್ಷದ ದಿನಗಳಲ್ಲಿ ಮತ್ತೆ ಪಾಂಡವಪುರಕ್ಕೆ ಹೋದೆವು. ಈ ಸಲ ಅಮ್ಮನೂ ಬಂದಿದ್ದಳು. ಡಾಕ್ಟರು ಹೊಸಬರು, ಹೆಂಗಸು. ಅಜ್ಜಿಯ ಬಾಯಿ ತೆರೆಸಿ ನೋಡಿದರು, ಎದೆ ಪರೀಕ್ಷೆ ಮಾಡಿದರು, ಪಂಪನ್ನು ಕೈಗೆತ್ತಿಕೊಂಡು ಅಲ್ಲಾಡಿಸಿದರು.

"ಅಜ್ಜಿ, ಇದನ್ನ ಹೇಗೆ ತಗೋತೀರಿ, ಒಂದ್ಸಲ ತೋರಿಸಿ."

ಅಜ್ಜಿ ಸೆರಗು ಸರಿಮಾಡಿಕೊಂಡು, ಪೂರ್ವ ಯಾವ ಕಡೆ ಅಂತ ಅಮ್ಮನನ್ನು ಕೇಳಿ, ಆ ಕಡೆಗೆ ತಿರುಗಿ, ಪಂಪು ಎತ್ತಿ, ತಲೆ ಬಾಗಿಸಿ, ಒತ್ತಿ, ನುಂಗಿದಳು. ಡಾಕ್ಟರು ನಗಲಿಲ್ಲ, ಇವತ್ತಿಗೂ ಅದಕ್ಕೇ ನನಗೆ ಅವರ ಮೇಲೆ ಗೌರವ. ನನಗೂ ತೋರಿಸು ಅಂದರು, ನಾನೂ ತೋರಿಸಿದೆ. ಆಗ ಅವರು ಕುರ್ಚಿಯಿಂದ ಎದ್ದು ಬಂದು ಅಜ್ಜಿಯ ಪಕ್ಕದ ಬೆಂಚಿನಲ್ಲೇ ಕೂತರು.

"ಇದು ಹೊಟ್ಟೆಗೆ ಹೋಗೋ ಔಷಧಿ ಅಲ್ಲಮ್ಮ, ಎದೆಗೆ ಹೋಗೋದು. ಇಷ್ಟು ದಿನ ನೀವು ಅರ್ಧ ಗಾಳಿಗೆ ಕೊಟ್ಟಿದ್ದೀರಿ, ಅರ್ಧ ನುಂಗಿದ್ದೀರಿ, ಎದೆಗೆ ಏನೂ ಹೋಗಿಲ್ಲ. ಮೊದಲು ಉಸಿರು ಪೂರ್ತಿ ಆಚೆ ಬಿಡಿ. ಪಂಪಿನ ಬಾಯನ್ನ ತುಟಿಯಲ್ಲಿ ಗಟ್ಟಿಯಾಗಿ ಹಿಡ್ಕೊಳ್ಳಿ. ನಿಧಾನಕ್ಕೆ ಉಸಿರು ಎಳ್ಕೊಳ್ತಾನೇ ಒತ್ತಿ. ಆಮೇಲೆ ಉಸಿರು ಸ್ವಲ್ಪ ಹಿಡಿದಿಟ್ಕೊಳ್ಳಿ. ಬಿಟ್ಟ ಮೇಲೆ ಬಾಯಿ ಮುಕ್ಕಳಿಸಿ ಉಗೀರಿ. ಬಾಯಲ್ಲಿ ನಿಂತಿದ್ದಕ್ಕೇ ಈ ಬಿಳಿ ಅಗ್ರ ಬಂದಿರೋದು."

"ತುಟೀಲಿ ಇಡ್ಕೋಬೇಕಾ?" ಅಂದಳು ಅಜ್ಜಿ.

"ಹೌದಮ್ಮ."

"ಕಚ್ಕೊಂಡಾ?"

"ಕಚ್ಕೊಂಡೇ."

ಅಜ್ಜಿ ಪಂಪನ್ನು ಮೇಜಿನ ಮೇಲೆ ಇಟ್ಟು ಎದ್ದು ಆಚೆ ಹೋಗಿಬಿಟ್ಟಳು. ಬಾಗಿಲ ಹೊರಗಿನ ಬೆಂಚಿನಲ್ಲಿ ಒಬ್ಬರು ವಯಸ್ಸಾದ ಸಾಹೇಬರು ಕೂತಿದ್ದರು. ಊರೂರು ತಿರುಗಿ ಹತ್ತಿ ಎಕ್ಕಿ ಹಾಸಿಗೆ ಹೊಲಿದವರು, ಹತ್ತಿಯ ಧೂಳೇ ಅವರ ಎದೆ ತಿಂದಿತ್ತು. ನಮ್ಮ ಮನೆಯ ಹಾಸಿಗೆಯನ್ನೂ ಒಂದು ಕಾಲಕ್ಕೆ ಹೊಲಿದಿದ್ದರಂತೆ, ಅಜ್ಜಿಗೆ ಗುರುತು ಸಿಕ್ಕಿತು. ಅಜ್ಜಿ ಅವರ ಪಕ್ಕ ಕೂತು, ನೋಡಿ ಸಾಹೇಬ್ರೆ, ಈ ವಯಸ್ಸಲ್ಲಿ ನನ್ನ ನೇಮ ಕೆಡಿಸ್ತಾವ್ರೆ ಅಂತ ದೂರು ಹೇಳಿದಳು. ಅವರು ತಮ್ಮ ಜೇಬಿನಿಂದ ಅಂಥದ್ದೇ ಪಂಪು ತೆಗೆದು ತೋರಿಸಿದರು.

"ನಮ್ಗೂ ನೇಮ ಐತಲ್ಲಮ್ಮ. ರಂಜಾನ್ ಬಂದ್ರೆ ಹಗ್ಲೊತ್ತು ನೀರೂ ಇಲ್ಲ. ಬೆಳಗಾಗೋ ಮುಂಚೆ ಸಹರಿ ಊಟ ಮುಗ್ಸಿ ಒಂದಪ ಎಳ್ಕೋತೀನಿ, ಬೈಗೆ ಇಫ್ತಾರ್ ಆದ್ಮೇಲೆ ಒಂದಪ. ಡಾಕ್ಟ್ರನ್ನೇ ಕೇಳಿ ಹೊತ್ತು ಗೊತ್ತು ಮಾಡ್ಕೊಂಡೆ. ನೇಮನೂ ಬುಟ್ಟಿಲ್ಲ, ಪಂಪೂ ಬುಟ್ಟಿಲ್ಲ. ಎರಡಕ್ಕೂ ಒಂದೊಂದ್ ಜಾಗ ಮಾಡ್ಕೊಡಿ, ಬಸ್."

ಅಜ್ಜಿ ಎದ್ದಳು. ಒಳಗೆ ಹೋಗಿ ಮೇಜಿನ ಮೇಲಿದ್ದ ಪಂಪು ತೆಗೆದುಕೊಂಡಳು. ಇನ್ನೊಂದು ಸಲ ಹೇಳಿಕೊಡಿ ಅಂದಳು. ಡಾಕ್ಟರು ಇನ್ನೂ ಎರಡು ಮಾತು ಹೇಳಿದರು. ಇದು ವಾಸಿಯಾಗಿಬಿಡುವ ಕಾಯಿಲೆಯಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳುವುದು, ಸರಿಹೋಯಿತು ಅಂತ ಪಂಪು ನಿಲ್ಲಿಸಬಾರದು ಅನ್ನುವುದು ಒಂದು. ಒಲೆಯ ಮುಂದೆ ಕೂರಬಾರದು ಅನ್ನುವುದು ಇನ್ನೊಂದು. ನನಗೆ ಮಾತ್ರ, ಪಂಪಿನ ಮುಂದೆ ಸಿಕ್ಕಿಸಿಕೊಂಡು ಉಸಿರೆಳೆಯಲು ಒಂದು ಪ್ಲಾಸ್ಟಿಕ್ ಡಬ್ಬ ಬರೆದುಕೊಟ್ಟರು.

ಮನೆಗೆ ಬಂದ ಸಂಜೆಯೇ ಅಜ್ಜಿ ಕೆಲಸ ಶುರು ಮಾಡಿದಳು. ಹಿತ್ತಲ ಗೋಡೆಯಲ್ಲಿ, ಬಚ್ಚಲ ಪಕ್ಕ, ಹಿಂದೆ ಸೀಗೆಪುಡಿ ಇಡುತ್ತಿದ್ದ ಗೂಡೊಂದಿತ್ತು. ಅದನ್ನು ಗುಡಿಸಿ, ಸುಣ್ಣ ಬಳಿದು, ಪಂಪಿನ ಗೂಡು ಮಾಡಿದಳು. ದೇವರ ಗೂಡಿಗೂ ಇದಕ್ಕೂ ನಡುವೆ ಇಡೀ ಮನೆ ಇತ್ತು. ತನ್ನದಕ್ಕೆ ಕೆಂಪು ದಾರ, ನನ್ನದಕ್ಕೆ ಕಪ್ಪು ದಾರ ಕಟ್ಟಿದಳು, ಒಬ್ಬರ ಎಂಜಲು ಒಬ್ಬರಿಗೆ ಆಗದಂತೆ, ಒಬ್ಬರ ಅಳತೆ ಒಬ್ಬರಿಗೆ ಬೀಳದಂತೆ. ಬಾಯಿ ಮುಕ್ಕಳಿಸಲು ಬೇರೆಯೇ ಒಂದು ಹಳೆಯ ಚೊಂಬು. ಅದು ಒಳಗೆ ಬರುವಂತಿಲ್ಲ. ಉಗಿಯುವುದು ಬಾಳೆಗಿಡದ ಬುಡಕ್ಕೆ. ಆ ಗೂಡಿನ ಮುಂದೆ ನಿಂತಾಗ ಮಾತ್ರ ಕಚ್ಚಬಹುದು, ಬೇರೆಲ್ಲೂ ಇಲ್ಲ ಅಂತ ತೀರ್ಪು ಕೊಟ್ಟಳು. ಅಷ್ಟಾದ ಮೇಲೆ ಪಂಪನ್ನು ತುಟಿಗೆ ತಂದಳು. ತಂದವಳು ಹಾಗೇ ನಿಂತಳು. ಕಣ್ಣು ಮುಚ್ಚಿಕೊಂಡು, ಮುಖವೆಲ್ಲ ಸುಕ್ಕು ಮಾಡಿಕೊಂಡು, ಕಚ್ಚಿದಳು. ಮೊದಲ ಸಲ ಉಸಿರೆಳೆಯುವುದನ್ನೇ ಮರೆತಳು. ಎರಡನೆಯ ಸಲ ಸರಿಹೋಯಿತು.

ಆ ಮೇಲಿನದು ಹಿಟ್ಟಿನ ಕೋಲು. ಅದಕ್ಕೆ ಎರಡು ದಿನ ಹಿಡಿಯಿತು. ಒಂದು ಬೆಳಿಗ್ಗೆ, ಯಾರೂ ಕೇಳದೆ, ಅಜ್ಜಿ ಕೋಲನ್ನು ತೊಳೆದು ತಂದು ಅಮ್ಮನ ಮುಂದೆ ಹಿಡಿದಳು.

"ಮಗ್ಳ ಮನೆ ಬಾಗ್ಲು ಕಾಯೋದ್ಕಿಂತ ಈ ಮನೆ ಜಗ್ಲಿ ಕಾಯೋದು ವಾಸಿ. ಇಡ್ಕೊ."

ಅಮ್ಮ ಹಿಡಿದುಕೊಳ್ಳಲಿಲ್ಲ. ಅಜ್ಜಿಯೇ ಅವಳ ಕೈ ಬಿಡಿಸಿ ಒಳಗಿಟ್ಟು, ಜಗಲಿಗೆ ಹೋಗಿ, ಬೀದಿಗೆ ಮುಖ ಮಾಡಿ ಕೂತಳು. ಮಗಳ ಮನೆಗೆ ಹೋಗದೆ ಇರಲು ಅವಳು ತೆತ್ತದ್ದು ಅದು, ಮತ್ತು ಅದು ಅವಳಿಗೆ ಸುಲಭವಾಗಿರಲಿಲ್ಲ. ಅಮ್ಮ ತಿರುವಿದ ಹಿಟ್ಟನ್ನು ಮುಟ್ಟದೆ ದಿನವೂ ಅನ್ನ ಮಜ್ಜಿಗೆ ಉಂಡು ಏಳುತ್ತಿದ್ದಳು. ಉಸಿರು ಸ್ವಲ್ಪ ಸಡಿಲವಾದ ಕೂಡಲೇ, ಸರ್ಯಾಯ್ತಲ್ಲ, ಇನ್ಯಾಕೆ ಆ ಪಂಪು ಅಂತ ಶುರು ಮಾಡಿದಳು. ಆಗ ನಮ್ಮಮ್ಮ, ಯಾವತ್ತೂ ಅತ್ತೆಗೆ ಎದುರು ಮಾತಾಡದವಳು, ಕಾಫಿ ಲೋಟವನ್ನು ಸೆರಗಿನ ಮರೆಗೆ ಹಿಡಿದು ಜಗಲಿಯಲ್ಲಿ ನಿಂತಳು.

"ಪಂಪ್ ಎಳ್ಕೊಂಡು ಬಾಯ್ ಮುಕ್ಕಳ್ಸಿ ಬನ್ನಿ ಅತ್ತೆ. ಕಾಪಿ ಎಲ್ಲೂ ಹೋಗಾಕಿಲ್ಲ."

ಅಜ್ಜಿ ಅವಳನ್ನು ದುರುಗುಟ್ಟಿ ನೋಡಿದಳು. ಆಮೇಲೆ ಎದ್ದು ಹಿತ್ತಲಿಗೆ ಹೋದಳು. ನನ್ನನ್ನೂ ಕರೆದಳು. ಬೆಳಿಗ್ಗೆ ಸಂಜೆ ಆ ಗೂಡಿನ ಮುಂದೆ ನಾವಿಬ್ಬರೂ ಅಕ್ಕಪಕ್ಕ ನಿಂತು, ಉಸಿರು ಎಳೆದು, ಹಿಡಿದು, ಬಿಟ್ಟು, ಒಂದೇ ಬಾಳೆಗಿಡಕ್ಕೆ ಉಗಿಯುವುದು ರೂಢಿಯಾಯಿತು. ಮಧ್ಯಾಹ್ನ ಗೋಡೆಗೊರಗಿ ಕೂತಾಗ ಈಗ ಇಬ್ಬರ ಎದೆಯೂ ಹೆಚ್ಚು ಸದ್ದು ಮಾಡುತ್ತಿರಲಿಲ್ಲ. ಆದರೂ ನನಗೆ ಭಯ ಹೋಗಿರಲಿಲ್ಲ. ಅಜ್ಜಿ ಕಡಿಮೆ ಮಾತಾಡುತ್ತಿದ್ದಳು. ಬಯ್ಯುತ್ತಲೇ ಇರಲಿಲ್ಲ. ಕೋಲಿನ ಜೊತೆ ಬಾಯನ್ನೂ ಕೊಟ್ಟುಬಿಟ್ಟಳೇನೋ ಅಂತ ಅಪ್ಪನೂ ಚಿಂತೆ ಮಾಡುತ್ತಿದ್ದ. ಜಯಮ್ಮತ್ತೆಗೆ ಬರಬೇಡ ಅಂತ ಅವನು ಹೇಳಿ ಕಳಿಸಿರಲಿಲ್ಲ.

ದೀಪಾವಳಿಯ ಮರುದಿನ ಜಯಮ್ಮತ್ತೆ ಬಂದಳು. ಬಂದವಳೇ ಅಜ್ಜಿಯ ಸೀರೆಗಳನ್ನು ಮಡಿಸಿ ಚೀಲಕ್ಕೆ ತುಂಬಿ ಹಜಾರದಲ್ಲಿ ಇಟ್ಟಳು. ಮಧ್ಯಾಹ್ನದ ಬಸ್ಸಿಗೆ ಹೊರಡುವುದು ಅಂತಾಯಿತು. ಅಜ್ಜಿ ಊಟದ ಹೊತ್ತಿನವರೆಗೂ ಜಗಲಿಯಲ್ಲಿ ಬೀದಿಗೆ ಮುಖ ಮಾಡಿ ಕೂತಿದ್ದಳು. ಅಪ್ಪ ನಡುಮನೆಯ ಕಂಬಕ್ಕೆ ಒರಗಿ ಕೂತು ನೆಲ ನೋಡುತ್ತಿದ್ದ. ಅಮ್ಮ ಒಳಗೆ ಹಿಟ್ಟು ತಿರುವುತ್ತಿದ್ದಳು. ಅವತ್ತು ಅವಳ ಕಣ್ಣು ತಪ್ಪಲೆಯ ಮೇಲಿರಲಿಲ್ಲ, ಹಜಾರದ ಚೀಲದ ಮೇಲಿತ್ತು. ಉಂಡೆ ಮಾಡಿ ತಂದು ಎಲ್ಲರ ತಟ್ಟೆಗೂ ಇಟ್ಟಳು. ಅಜ್ಜಿ, ಹೊರಡುವ ದಿನ ಅಂತಲೋ ಏನೋ, ಮೊದಲ ಸಲ ಸೊಸೆ ಮಾಡಿದ ಹಿಟ್ಟನ್ನು ಮುರಿದಳು. ಒಳಗೆ ಬೇಯದ ಗಂಟು, ಬಿಳಿಯ ಹಸಿ ಹಿಟ್ಟು. ಅದನ್ನು ಬೆರಳಲ್ಲಿ ಹಿಸುಕಿ ನೋಡಿದಳು. ತಲೆಯೆತ್ತಿದಳು.

"ಏನೇ ಲಕ್ಸ್ಮಿ, ಇದೇನು ಹಿಟ್ಟೋ ಇಲ್ಲಾ ಗೋಲಿ ತುಂಬಿರೋ ಚೀಲ್ವೋ, ಎಸ್ರು ಮಳ್ಳೋಕೆ ಮುಂಚೆ ಹಿಟ್ಟು ಸುರ್ದು, ಕೋಲ್ನ ತಳಕ್ಕಿಳಿಸ್ದೆ ಮ್ಯಾಲ್ಮ್ಯಾಲೇ ಆಡ್ಸಿ ತಂದಿಕ್ಕಿದ್ದೀಯಲ್ಲ, ತಪ್ಲೆ ಅದುಮಿಡ್ಕೊಂಡು ಗೋಡೆಗೊತ್ತಿ ತಿರುವು ಅಂತ ನೀನ್ ಈ ಮನೆಗೆ ಕಾಲಿಟ್ಟ ದಿನದಿಂದ ಬಡ್ಕೊಂಡಿವ್ನಿ, ಆ ಕಿವಿ ಮಡೀಕೊಂಡಿರೋದು ಓಲೆ ತೂಗಾಕೋಕ್ ಮಾತ್ರವಾ, ಈ ಗಂಟು ನುಂಗಿ ನಿನ್ ಗಂಡನೋ ಮಗ್ಳೋ ಗಂಟ್ಲು ಕಟ್ಕೊಂಡು ಕೂತ್ರೆ ಯಾರ್ನ ಕೂಗ್ತೀಯೆ, ನಾದ್ನಿ ಬಂದಾಗ್ಲೇ ನನ್ ಮಾನ ತಗೀಬೇಕು ಅಂತ ಕಾದಿದ್ದೇನೆ, ನಾಳಿಕ್ಕೆ ನಾನಿಲ್ಲ ಅಂದ್ರೆ ಈ ಮಗೀಗೆ ಇದ್ನೇ ತಿನ್ನಿಸ್ತೀಯಾ ಎಂಗೆ?"

ಮನೆಯಲ್ಲಿ ಯಾರೂ ಉಸಿರಾಡಲಿಲ್ಲ. ಅಪ್ಪ ಕಂಬ ಬಿಟ್ಟು ನೆಟ್ಟಗೆ ಕೂತಿದ್ದ. ಅತ್ತೆ ತುತ್ತು ಹಿಡಿದ ಕೈಯನ್ನು ಹಾಗೇ ತಟ್ಟೆಯ ಮೇಲೆ ಹಿಡಿದಿದ್ದಳು. ಅಮ್ಮ ಅಭ್ಯಾಸದಂತೆ ತಲೆತಗ್ಗಿಸಿ, ಮಧ್ಯದ ಉಸಿರಿಗೆ ಕಾಯುತ್ತಾ ನಿಂತಿದ್ದಳು. ಬಯ್ಗುಳ ಮುಗಿದಿದೆ ಅಂತ ಅವಳಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗೊತ್ತಾದಾಗ ಅಲ್ಲೇ, ಅಜ್ಜಿಯ ತಟ್ಟೆಯ ಮುಂದೆ, ಕುಸಿದು ಕೂತಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಮುಖವೆಲ್ಲ ನಗುತ್ತಿತ್ತು.

"ಎಲ್ಲೂ ನಿಲ್ಲಿಸ್ನೇ ಇಲ್ವಲ್ಲ ಅತ್ತೆ," ಅಂದಳು. "ಪೂರಾ ಬಯ್ದ್ರಿ."

ಅಜ್ಜಿಗೂ ಆಗಲೇ ಅದು ಗೊತ್ತಾದದ್ದು. ಎದೆಯ ಮೇಲೆ ಕೈ ಇಟ್ಟು ನೋಡಿಕೊಂಡಳು. ಅಪ್ಪ ಎದ್ದು ಹಜಾರಕ್ಕೆ ಹೋಗಿ, ಸೀರೆಯ ಚೀಲ ಎತ್ತಿಕೊಂಡು ನಡುಮನೆಗೆ ತಂದು, ಅಜ್ಜಿಯ ಹಾಸಿಗೆಯ ಪಕ್ಕ ಇಟ್ಟ. ಅತ್ತೆ ಅದನ್ನು ನೋಡಿ, ಹಿಡಿದಿದ್ದ ತುತ್ತನ್ನು ಬಾಯಿಗಿಟ್ಟಳು. ಅಜ್ಜಿ ಗಂಟನ್ನು ತಟ್ಟೆಯ ಅಂಚಿಗೆ ತೆಗೆದಿಟ್ಟು, ಮಿಕ್ಕ ಹಿಟ್ಟನ್ನು ಸಾರಿನಲ್ಲಿ ಅದ್ದಿದಳು.

"ಅಳ್ತಾ ಕೂತ್ರೆ ಸಾರು ಆರೋಯ್ತದೆ," ಅಂದಳು ಸೊಸೆಗೆ. "ನೀನೂ ಇಕ್ಕೊಂಡು ಉಣ್ಣು."